ಜರ್ಮನಿಯಲ್ಲಿದ್ದು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸಬೇಕೆ? ಮೊದಲು ಕಾಗದಪತ್ರ, ಆಮೇಲೆ ಪಾಠ

"ಗಂಡನಿಗೆ ಇಲ್ಲಿ ಕೆಲಸ. ಊರಿನಲ್ಲಿದ್ದಾಗ ನಾನು ಹೈಸ್ಕೂಲಿಗೆ ಇಂಗ್ಲಿಷ್ ತೆಗೆದುಕೊಳ್ಳುತ್ತಿದ್ದೆ. ಜರ್ಮನ್ ಇನ್ನೂ ಅಷ್ಟಾಗಿ ಬರುವುದಿಲ್ಲ. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸಬಹುದಾ?"

ಜರ್ಮನಿಗೆ ಬಂದ ಕನ್ನಡದವರಿಂದ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಹೆಂಡತಿಯ ಕೆಲಸದಿಂದಾಗಿ ಇಲ್ಲಿಗೆ ಬಂದ ಗಂಡಸರೂ ಕೇಳುತ್ತಾರೆ, ಮಾಸ್ಟರ್ಸ್ ಓದುವ ಹುಡುಗರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಕಲಿಸಬಹುದು. ಆದರೆ ತುಂಬಾ ಜನ ಹಿಂದುಮುಂದಾಗಿ ಹೋಗುತ್ತಾರೆ. ಮೊದಲು ಯಾವುದೋ ಆ್ಯಪ್‌ನಲ್ಲಿ ಪ್ರೊಫೈಲ್ ಹಾಕುತ್ತಾರೆ. ವಿದ್ಯಾರ್ಥಿಗಳು ಸಿಗುತ್ತಾರೆ, ದುಡ್ಡೂ ಬರುತ್ತದೆ. ವರ್ಷ ಕಳೆದ ಮೇಲೆ ತೆರಿಗೆ ಕಚೇರಿಯಿಂದಲೋ ಪಿಂಚಣಿ ಕಚೇರಿಯಿಂದಲೋ ಪತ್ರ ಬಂದಾಗ ಗಾಬರಿಯಾಗುತ್ತಾರೆ. ಪಾಠ ಮಾಡುವುದು ನಿಮಗೆ ಗೊತ್ತಿರುವ ಕೆಲಸ. ಗೊತ್ತಿಲ್ಲದ್ದು ಈ ದೇಶದ ಲೆಕ್ಕಾಚಾರ. ಹಾಗಾಗಿ ಈ ಬರಹದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ನಿಮ್ಮ ಪರ್ಮಿಟ್ ಕಾರ್ಡ್ ಓದಿ

ನಿಮ್ಮ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಮತ್ತು ಅದರ ಜೊತೆ ಕೊಟ್ಟ ಹಸಿರು ಹಾಳೆ ಇದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ. "ಎರ್‌ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್" ಅಂತ ಇದೆಯಾ ನೋಡಿ. ಸಂಪಾದನೆಯ ಯಾವುದೇ ಕೆಲಸಕ್ಕೆ ಅನುಮತಿ ಇದೆ ಎಂದು ಅದರರ್ಥ. ಕಂಪನಿಯ ನೌಕರಿಯೂ ಅದರಲ್ಲಿ ಬಂತು, ಸ್ವಂತ ಉದ್ಯೋಗವೂ ಬಂತು. ಗಂಡ ಅಥವಾ ಹೆಂಡತಿಯನ್ನು ಸೇರಿಕೊಳ್ಳಲು ಕುಟುಂಬದ ಪರ್ಮಿಟ್ ಮೇಲೆ ಬಂದವರಿಗೆ ಕಾನೂನೇ ಈ ಅನುಮತಿ ಕೊಡುತ್ತದೆ. ಡಿಪೆಂಡೆಂಟ್ ಅಂದರೆ ದುಡಿಯುವ ಹಾಗಿಲ್ಲ ಎಂಬ ಭಯ ಬೇರೆ ದೇಶಗಳ ಕಥೆ ಕೇಳಿ ಬಂದದ್ದು. ಜರ್ಮನಿಗೆ ಅದು ಹೊಂದುವುದಿಲ್ಲ.

ಕಾರ್ಡ್‌ನಲ್ಲಿ "ಬೆಷೆಫ್ಟಿಗುಂಗ್" ಎಂಬ ಪದ ಮಾತ್ರ ಇದ್ದರೆ ತಡೆಯಿರಿ. ಅದು ಬರೀ ನೌಕರಿಗೆ ಕೊಟ್ಟ ಅನುಮತಿ. ನೀವೇ ಬ್ಲೂ ಕಾರ್ಡ್ ಅಥವಾ ಬೇರೆ ನೌಕರಿ ಪರ್ಮಿಟ್ ಮೇಲಿದ್ದು, ಸಂಜೆ ಹೊತ್ತು ಪಾಠ ಮಾಡುವ ಆಸೆಯಿದ್ದರೆ ವಿದೇಶಿಯರ ಕಚೇರಿಯಿಂದ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆಯಿಂದ, ಸ್ವಂತ ಉದ್ಯೋಗಕ್ಕೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ಕೆಲಸದ ಕರಾರು ಪತ್ರದಲ್ಲಿ ಉಪ ಉದ್ಯೋಗದ ಬಗ್ಗೆ ಏನಿದೆ ಅಂತಲೂ ಓದಿ. ವಿದ್ಯಾರ್ಥಿಗಳಿಗೂ ಇದೇ ಮಾತು. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು ಎಂಬ ಲೆಕ್ಕ ನೌಕರಿಗೆ ಸಂಬಂಧಿಸಿದ್ದು. ಫ್ರೀಲಾನ್ಸ್ ಪಾಠಕ್ಕೆ ಅನುಮತಿ ಬೇರೆ ಕೇಳಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. "ನನ್ನ ವಿದ್ಯಾರ್ಥಿಗಳೆಲ್ಲ ಹುಬ್ಬಳ್ಳಿ, ಮೈಸೂರಿನವರು. ಫೀಸು ಬರುವುದು ಊರಿನ ಬ್ಯಾಂಕಿಗೆ. ಇದಕ್ಕೂ ಜರ್ಮನಿಗೂ ಏನು ಸಂಬಂಧ?" ಅನ್ನುತ್ತಾರೆ. ಸಂಬಂಧ ಇದೆ. ನೀವು ಯಾವ ನೆಲದಲ್ಲಿ ಕೂತು ಕೆಲಸ ಮಾಡುತ್ತೀರೋ ಆ ನೆಲದ ಕಾನೂನು ಲೆಕ್ಕಕ್ಕೆ ಬರುತ್ತದೆ. ದುಡ್ಡು ಯಾವ ಖಾತೆಗೆ ಬಿತ್ತು ಅನ್ನುವುದು ಆಮೇಲಿನ ಮಾತು. ಜರ್ಮನಿಯಲ್ಲಿ ವಾಸವಿರುವವರು ಜಗತ್ತಿನ ಎಲ್ಲೇ ಬಂದ ಆದಾಯವನ್ನೂ ಇಲ್ಲಿ ತೋರಿಸಬೇಕು.

ಬೇರೆ ದೇಶಗಳಲ್ಲಿರುವ ಓದುಗರಿಗೆ ನಾಲ್ಕು ಮಾತು. ಅಮೆರಿಕದಲ್ಲಿ ಎಚ್-4 ವೀಸಾ (ಎಚ್-1ಬಿ ನೌಕರರ ಕುಟುಂಬಕ್ಕೆ ಕೊಡುವುದು) ಇದ್ದು ಕೆಲಸದ ಅನುಮತಿ ಕಾರ್ಡ್ ಇಲ್ಲದಿದ್ದರೆ ಆನ್‌ಲೈನ್ ಪಾಠಕ್ಕೆ ಕೈ ಹಾಕಬೇಡಿ. ಅಲ್ಲಿ ಆ ಕಾರ್ಡ್‌ಗೆ ಅರ್ಜಿ ಹಾಕುವ ಅವಕಾಶ 2015ರಲ್ಲಿ ಬಂತು. ಆದರೆ ಅದು ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರಿಗೆ ಮಾತ್ರ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿಗೆ ಸ್ವಂತ ಉದ್ಯೋಗಕ್ಕೆ ಅಡ್ಡಿಯಿಲ್ಲ, ಸ್ಟೂಡೆಂಟ್ ವೀಸಾದವರಿಗೆ ಸ್ವಂತ ಉದ್ಯೋಗ ನಿಷಿದ್ಧ. ಯುಎಇಯಲ್ಲಿ ಗಂಡನ ಪ್ರಾಯೋಜಕತ್ವದ ವೀಸಾ ಕೆಲಸದ ಅನುಮತಿ ಆಗುವುದಿಲ್ಲ. ಆದರೆ ಖಾಸಗಿ ಪಾಠ ಹೇಳುವವರಿಗೆ 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಒಂದು ಪ್ರತ್ಯೇಕ ಪರ್ಮಿಟ್ ತಂದಿದೆ. ಅದಕ್ಕೆ ಅರ್ಜಿ ಹಾಕಿ.

2. ಯಾರಿಗೆ ಕಲಿಸುತ್ತೀರಿ ಅಂತ ತೀರ್ಮಾನಿಸಿ

"ಎಲ್ಲರಿಗೂ ಇಂಗ್ಲಿಷ್" ಎಂಬ ಪ್ರೊಫೈಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಆನ್‌ಲೈನ್‌ನಲ್ಲಿ ಸಾವಿರಾರು ಜನ ಅದನ್ನೇ ಹೇಳುತ್ತಿರುತ್ತಾರೆ. ಒಂದು ಗುಂಪನ್ನು ಆರಿಸಿಕೊಳ್ಳಿ.

ಮೊದಲು ಯಾವುದಕ್ಕೆ ಹೋಗಬಾರದು ಅಂತ ಹೇಳುತ್ತೇನೆ. ಹಳೆಯ ಯೂಟ್ಯೂಬ್ ವಿಡಿಯೋಗಳಲ್ಲಿ ಚೀನಾದ ಮಕ್ಕಳಿಗೆ ಪಾಠ ಮಾಡಿ ಕೈತುಂಬ ಸಂಪಾದಿಸಿದ ಕಥೆಗಳು ಸಿಗುತ್ತವೆ. 2021ರ ಜುಲೈನಲ್ಲಿ ಚೀನಾ ಸರ್ಕಾರ ಮಕ್ಕಳ ಟ್ಯೂಷನ್ ಮೇಲೆ ಕಟ್ಟುನಿಟ್ಟಿನ ನಿಯಮ ತಂದಿತು. ಹೊರದೇಶದಲ್ಲಿ ಕೂತ ಶಿಕ್ಷಕರಿಂದ ಪಾಠ ಮಾಡಿಸುವುದನ್ನೂ ಆಗಲೇ ನಿಲ್ಲಿಸಿತು. ಆ ಮಾರುಕಟ್ಟೆ ಮುಗಿಯಿತು. ಇನ್ನು ಕೆಲವು ಕಂಪನಿಗಳು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟ್ ಇದ್ದವರನ್ನೇ ಕೇಳುತ್ತವೆ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಅರ್ಜಿ ಹಾಕಿ ಹಾಕಿ ಮನಸ್ಸು ಕೆಡಿಸಿಕೊಳ್ಳಬೇಡಿ. ಆ ಹೊತ್ತನ್ನು ನಿಮಗೆ ಬಾಗಿಲು ತೆರೆದಿರುವ ಕಡೆ ಹಾಕಿ.

ಎಲ್ಲಿ ತೆರೆದಿದೆ? ನನ್ನ ಪ್ರಕಾರ ಮೂರು ಕಡೆ.

ಒಂದು, ಕೆಲಸದಲ್ಲಿರುವ ಜರ್ಮನ್ನರು. ಶಾಲೆಯಲ್ಲಿ ಇಂಗ್ಲಿಷ್ ಓದಿರುತ್ತಾರೆ, ಓದಿದ್ದು ಅರ್ಥವಾಗುತ್ತದೆ, ಮೀಟಿಂಗ್‌ನಲ್ಲಿ ಬಾಯಿ ಬರುವುದಿಲ್ಲ. ಇವರಲ್ಲಿ ಎಷ್ಟೋ ಜನರ ತಂಡದ ಅರ್ಧ ಜನ ಬೆಂಗಳೂರು, ಪುಣೆಯಲ್ಲಿರುತ್ತಾರೆ. ಅವರಿಗೆ ಬೇಕಾದದ್ದು ಲಂಡನ್ನಿನ ಉಚ್ಚಾರಣೆಯಲ್ಲ. ಫೋನಿನಲ್ಲಿ ನಮ್ಮವರು ವೇಗವಾಗಿ ಮಾತಾಡುವ ಇಂಗ್ಲಿಷ್ ತಿಳಿಯಬೇಕು, ತಿರುಗಿ ಉತ್ತರ ಕೊಡಲು ಬರಬೇಕು. ನೀವು ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡಿದ್ದರೆ ಇದನ್ನು ನಿಮಗಿಂತ ಚೆನ್ನಾಗಿ ಯಾರು ಹೇಳಿಕೊಟ್ಟಾರು?

ಎರಡು, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕೆಲಸಕ್ಕೆ, ಇಂಟರ್‌ವ್ಯೂಗೆ ಇಂಗ್ಲಿಷ್ ಬೇಕಾದ ನಮ್ಮೂರಿನ ದೊಡ್ಡವರು. ಕನ್ನಡದಲ್ಲೇ ವಿವರಿಸಿ ಇಂಗ್ಲಿಷ್ ಮಾತಾಡಿಸುವ ಶಿಕ್ಷಕರು ಅವರಿಗೆ ಬೇಕು. ಫೀಸು ರೂಪಾಯಿಯಲ್ಲಿ ಬರುತ್ತದೆ, ಖರ್ಚು ಯೂರೋದಲ್ಲಿ ಆಗುತ್ತದೆ ಎಂಬುದನ್ನು ಮರೆಯಬೇಡಿ. ಇವರಿಗೆ ಒಬ್ಬೊಬ್ಬರ ಪಾಠಕ್ಕಿಂತ ಐದಾರು ಜನರ ಗುಂಪು ಒಳ್ಳೆಯದು. ಅವರಿಗೂ ಕಡಿಮೆ ಖರ್ಚು, ನಿಮಗೂ ಗಿಟ್ಟುತ್ತದೆ.

ಮೂರು, ಐಇಎಲ್‌ಟಿಎಸ್‌ನಂಥ ಪರೀಕ್ಷೆ ಬರೆಯುವವರು. ಇವರ ಗುರಿ ಸ್ಪಷ್ಟ, ಅವಧಿ ಚಿಕ್ಕದು. ಆದರೆ ಆ ಪರೀಕ್ಷೆಯನ್ನು ನೀವೇ ಬರೆದು ಒಳ್ಳೆಯ ಅಂಕ ತೆಗೆದಿರದಿದ್ದರೆ ಕೈ ಹಾಕಬೇಡಿ.

3. ಸರ್ಟಿಫಿಕೇಟ್: ಯಾವುದು ಬೇಕು, ಯಾವುದು ಬೇಡ

ಜರ್ಮನಿಯಲ್ಲಿ ದೊಡ್ಡವರಿಗೆ ಖಾಸಗಿಯಾಗಿ ಇಂಗ್ಲಿಷ್ ಕಲಿಸಲು ಸರ್ಕಾರದ ಪರವಾನಗಿ ಬೇಕಿಲ್ಲ. ಸರ್ಟಿಫಿಕೇಟ್ ಇದ್ದರೆ ವಿದ್ಯಾರ್ಥಿಗಳಿಗೆ ನಂಬಿಕೆ, ನಿಮಗೂ ಧೈರ್ಯ. ಅಷ್ಟೇ.

ಜಾಹೀರಾತಿನಲ್ಲಿ ಜಾಸ್ತಿ ಕಾಣುವುದು ಟೆಫಲ್, ಅಂದರೆ ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ. ಇದಕ್ಕೆ ಒಂದೇ ಒಂದು ಅಧಿಕೃತ ಸಂಸ್ಥೆ ಅಂತ ಇಲ್ಲ. ಯಾರು ಬೇಕಾದರೂ "120 ಗಂಟೆ ಟೆಫಲ್" ಮಾರಬಹುದು. ಅಗ್ಗದ ಕೋರ್ಸ್ ತೆಗೆದುಕೊಂಡರೆ ಪಿಡಿಎಫ್ ಓದಿ ಟಿಕ್ ಹಾಕುವುದೇ ಆಗುತ್ತದೆ. ಕೋರ್ಸ್ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ನಾನು ಪಾಠ ಮಾಡುವುದನ್ನು ಯಾರಾದರೂ ನೋಡಿ ತಿದ್ದುತ್ತಾರಾ?

ತಿದ್ದುವ ಕೋರ್ಸ್‌ಗಳಲ್ಲಿ ಹೆಸರುವಾಸಿಯಾದದ್ದು ಕೇಂಬ್ರಿಜ್‌ನ ಸೆಲ್ಟಾ. ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಒಟ್ಟು 6 ಗಂಟೆ ಪಾಠ ಮಾಡಬೇಕು, ತರಬೇತುದಾರರು ಕೂತು ನೋಡುತ್ತಾರೆ. ಪೂರ್ತಿ ಸಮಯ ಕೊಟ್ಟರೆ ನಾಲ್ಕೈದು ವಾರ. ಆನ್‌ಲೈನ್‌ನಲ್ಲೂ ಮಾಡಬಹುದು. ದುಬಾರಿ, ಶ್ರಮವೂ ಜಾಸ್ತಿ. ಇದನ್ನೇ ವೃತ್ತಿ ಮಾಡಿಕೊಳ್ಳುವ ಮನಸ್ಸಿದ್ದರೆ ಮಾತ್ರ ಹೋಗಿ. ಊರಿನಲ್ಲಿ ಬಿ.ಎಡ್. ಮಾಡಿ ತರಗತಿಯಲ್ಲಿ ನಿಂತಿದ್ದವರು ಮೊದಲು ನಾಲ್ಕು ತಿಂಗಳು ಪಾಠ ಶುರುಮಾಡಿ ನೋಡಿ, ಆಮೇಲೆ ದುಡ್ಡು ಹಾಕಿ.

4. ತೆರಿಗೆ ಕಚೇರಿಗೆ ತಿಳಿಸಿ

ಕಲಿಸುವ ಕೆಲಸ ಜರ್ಮನ್ ತೆರಿಗೆ ಕಾನೂನಿನಲ್ಲಿ "ಫ್ರೈಬೆರುಫ್" ಎಂಬ ಗುಂಪಿಗೆ ಸೇರುತ್ತದೆ. ವೈದ್ಯರು, ವಕೀಲರು, ಅನುವಾದಕರು ಇರುವ ಗುಂಪು ಅದು. ಇದರ ಅನುಕೂಲ ಏನೆಂದರೆ ಅಂಗಡಿ, ವ್ಯಾಪಾರ ಮಾಡುವವರ ಹಾಗೆ ಗೆವೆರ್ಬೆ ನೋಂದಣಿ ಬೇಕಿಲ್ಲ. ಫಿನಾನ್ಸ್‌ಆಮ್ಟ್, ಅಂದರೆ ತೆರಿಗೆ ಕಚೇರಿಗೆ ತಿಳಿಸಿದರೆ ಸಾಕು. ಪಾಠ ಶುರುವಾದ ಒಂದು ತಿಂಗಳೊಳಗೆ ತಿಳಿಸಬೇಕು.

ದಾರಿ ಹೀಗಿದೆ. ಎಲ್‌ಸ್ಟರ್ ಎಂಬ ಸರ್ಕಾರಿ ತೆರಿಗೆ ಜಾಲತಾಣದಲ್ಲಿ ಖಾತೆ ತೆರೆಯಿರಿ. ಒಂದು ಕೋಡ್ ಇಮೇಲ್‌ಗೆ, ಇನ್ನೊಂದು ಅಂಚೆಯಲ್ಲಿ ಬರುತ್ತದೆ. ಅಂಚೆಗೆ ದಿನಗಳು ಹಿಡಿಯುವುದರಿಂದ ಈ ಕೆಲಸ ಮೊದಲೇ ಮುಗಿಸಿ. ಆಮೇಲೆ "ಫ್ರಾಗೆಬೋಗನ್ ಟ್ಸುರ್ ಶ್ಟಾಯರ್‌ಲಿಷೆನ್ ಎರ್‌ಫಾಸ್ಸುಂಗ್" ಎಂಬ ಫಾರಂ ತುಂಬಬೇಕು. ಹೆಸರು ಉದ್ದ, ವಿಷಯ ಸರಳ: ಯಾವ ಕೆಲಸ, ಯಾವಾಗಿಂದ, ಈ ವರ್ಷ ಎಷ್ಟು ಲಾಭ ಬರಬಹುದು.

ಲಾಭದ ಅಂದಾಜನ್ನು ಉತ್ಸಾಹದಲ್ಲಿ ದೊಡ್ಡದಾಗಿ ಬರೆಯಬೇಡಿ. ದೊಡ್ಡದಾಗಿ ಬರೆದರೆ ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟಿ ಎಂದು ಆದೇಶ ಬರುತ್ತದೆ. ಸುಳ್ಳೂ ಬರೆಯಬೇಡಿ. ವಾರಕ್ಕೆ ಎಷ್ಟು ಪಾಠ ಖಚಿತವಾಗಿ ಇದೆಯೋ ಅಷ್ಟರ ಲೆಕ್ಕ ಹಾಕಿ.

ಅದೇ ಫಾರಂನಲ್ಲಿ "ಕ್ಲೈನ್‌ಉಂಟರ್‌ನೇಮರ್" ಎಂಬ ಆಯ್ಕೆ ಬರುತ್ತದೆ. ಸಣ್ಣ ಉದ್ಯೋಗಿಗಳು ಗಿರಾಕಿಯಿಂದ ವ್ಯಾಟ್ ವಸೂಲಿ ಮಾಡಬೇಕಿಲ್ಲ ಎಂಬ ರಿಯಾಯಿತಿ ಇದು. 2025ರಿಂದ ಹಿಂದಿನ ವರ್ಷದ ವಹಿವಾಟು 25,000 ಯೂರೋ ಮೀರಿರಬಾರದು ಎಂಬ ಮಿತಿಯಿದೆ. ಹೊಸದಾಗಿ ಶುರುಮಾಡುವವರಿಗೆ ಇದು ಸಾಕಷ್ಟು. ಬಿಲ್‌ನಲ್ಲಿ ಈ ರಿಯಾಯಿತಿಯಲ್ಲಿದ್ದೇನೆ, ವ್ಯಾಟ್ ಹಾಕಿಲ್ಲ ಎಂದು ಒಂದು ಸಾಲು ಬರೆಯಿರಿ. ಇದರೊಳಗೊಂದು ಸೂಕ್ಷ್ಮವಿದೆ. ವಿದ್ಯಾರ್ಥಿಗಳನ್ನು ಹುಡುಕಿಕೊಡುವ ಆ್ಯಪ್ ಅಥವಾ ಜಾಲತಾಣ, ಅಂದರೆ ಪ್ಲಾಟ್‌ಫಾರಂ, ನಡೆಸುವ ಹೊರದೇಶದ ಕಂಪನಿಯೊಂದು ನಿಮ್ಮಿಂದ ಕಮಿಷನ್ ಹಿಡಿದುಕೊಂಡರೆ ಆ ಕಮಿಷನ್ ಮೇಲಿನ ವ್ಯಾಟ್ ಅನ್ನು ನೀವೇ ಇಲ್ಲಿ ಕಟ್ಟಬೇಕಾಗಿ ಬರಬಹುದು. ರಿಯಾಯಿತಿಯಲ್ಲಿದ್ದವರಿಗೂ ಇದು ತಪ್ಪುವುದಿಲ್ಲ. ಪ್ಲಾಟ್‌ಫಾರಂ ಮೂಲಕ ಕಲಿಸುವವರು ಶುರುವಿನಲ್ಲೇ ಒಮ್ಮೆ ಶ್ಟಾಯರ್‌ಬೆರಾಟರ್, ಅಂದರೆ ತೆರಿಗೆ ಸಲಹೆಗಾರರನ್ನು ಕೇಳಿ.

ಫಾರಂ ಕಳಿಸಿದ ಮೇಲೆ ಶ್ಟಾಯರ್‌ನುಮ್ಮರ್, ಅಂದರೆ ತೆರಿಗೆ ನಂಬರ್, ಅಂಚೆಯಲ್ಲಿ ಬರುತ್ತದೆ. ಮನೆ ವಿಳಾಸ ನೋಂದಾಯಿಸಿದಾಗ ಬಂದ 11 ಅಂಕಿಯ ತೆರಿಗೆ ಐಡಿಯೇ ಬೇರೆ, ಇದೇ ಬೇರೆ. ಬಿಲ್ ಮೇಲೆ ಹಾಕುವುದು ಹೊಸ ನಂಬರ್. ತುಂಬಾ ಜನ ಐಡಿಯನ್ನು ಹಾಕಿ ಆಮೇಲೆ ಬಿಲ್‌ಗಳನ್ನೆಲ್ಲ ತಿದ್ದಿ ಬರೆಯುತ್ತಾರೆ.

ಸ್ವಂತ ವೆಬ್‌ಸೈಟ್ ಮಾಡಿದರೆ ಇಂಪ್ರೆಸ್ಸುಮ್ ಎಂಬ ಪುಟ ಕಡ್ಡಾಯ. ನಿಮ್ಮ ಹೆಸರು, ವಿಳಾಸ, ಇಮೇಲ್ ಅದರಲ್ಲಿ ಇರಲೇಬೇಕು.

5. ಆರೋಗ್ಯ ವಿಮೆ ಮತ್ತು ಪಿಂಚಣಿ: ಇಲ್ಲಿ ನಿಧಾನವಾಗಿ ಓದಿ

ತೆರಿಗೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದನ್ನು ಯಾರೂ ಕೇಳುವುದಿಲ್ಲ. ಹೆಚ್ಚು ದುಡ್ಡು ಹೋಗುವುದು ಇಲ್ಲೇ.

ನಿಮ್ಮ ಸಂಗಾತಿ ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದರೆ ನೀವು ಬಹುಶಃ ಕುಟುಂಬ ವಿಮೆಯಡಿ ಪುಕ್ಕಟೆಯಾಗಿ ಇದ್ದೀರಿ. ಅದಕ್ಕೆ ಆದಾಯದ ಮಿತಿ ಇದೆ: 2025ರಲ್ಲಿ ತಿಂಗಳಿಗೆ 535 ಯೂರೋ, 2026ರಲ್ಲಿ 565 ಯೂರೋ. ಇದು ಖರ್ಚು ಕಳೆದ ಲಾಭದ ಲೆಕ್ಕ. ಆದರೆ ಪಾಠದ ಆದಾಯ ಮಾತ್ರ ಅಲ್ಲ. ಊರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿಯೂ ಸೇರುತ್ತವೆ. ಮಿತಿಯೊಳಗೇ ಇದ್ದರೂ ವಾರದಲ್ಲಿ ತುಂಬಾ ಗಂಟೆ ಇದೇ ಕೆಲಸ ಮಾಡಿದರೆ ಇದೇ ನಿಮ್ಮ ಮುಖ್ಯ ಉದ್ಯೋಗ ಎಂದು ವಿಮಾ ಸಂಸ್ಥೆ ತೀರ್ಮಾನಿಸಬಹುದು. ಪಾಠ ಶುರುಮಾಡುವ ಮುಂಚೆ ಅವರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಇಟ್ಟುಕೊಳ್ಳಿ. ಸಂಗಾತಿ ಖಾಸಗಿ ವಿಮೆಯಲ್ಲಿದ್ದರೆ ಲೆಕ್ಕ ಪೂರ್ತಿ ಬೇರೆ.

ಪಿಂಚಣಿಯ ವಿಷಯ ಇನ್ನೂ ಗಟ್ಟಿ. ಜರ್ಮನಿಯಲ್ಲಿ ಸ್ವಂತ ಉದ್ಯೋಗಿಗಳಲ್ಲಿ ಹೆಚ್ಚಿನವರು ಸರ್ಕಾರಿ ಪಿಂಚಣಿಗೆ ಕಟ್ಟಲೇಬೇಕೆಂದಿಲ್ಲ. ಆದರೆ ಶಿಕ್ಷಕರು ಅದಕ್ಕೆ ಅಪವಾದ. ಕೈಕೆಳಗೆ ನೌಕರರಿಲ್ಲದೆ ಸ್ವತಂತ್ರವಾಗಿ ಕಲಿಸುವವರು ಕಡ್ಡಾಯವಾಗಿ ಕಟ್ಟಬೇಕು. ಇಲ್ಲಿ "ಶಿಕ್ಷಕ" ಅಂದರೆ ಬಿ.ಎಡ್. ಆದವರು ಅಂತಲ್ಲ. ಯೋಗ, ಸಂಗೀತ, ಭಾಷೆ, ಏನು ಕಲಿಸಿದರೂ ಸೇರುತ್ತದೆ. ದರ ಶೇ 18.6. ನೌಕರಿಯಲ್ಲಿ ಅರ್ಧ ಕಂಪನಿ ಕಟ್ಟುತ್ತದೆ, ಇಲ್ಲಿ ಪೂರ್ತಿ ನೀವೇ. ತಿಂಗಳ ಲಾಭ ಮಿನಿಜಾಬ್, ಅಂದರೆ ಕಡಿಮೆ ಸಂಬಳದ ಸಣ್ಣ ನೌಕರಿಗೆ ಇಟ್ಟಿರುವ ಮಿತಿಯೊಳಗೆ ಇದ್ದರೆ ಮಾತ್ರ ವಿನಾಯಿತಿ. ಆ ಮಿತಿ 2025ರಲ್ಲಿ 556 ಯೂರೋ, 2026ರಲ್ಲಿ 603 ಯೂರೋ.

ಮಿತಿ ದಾಟಿದರೆ ಮೂರು ತಿಂಗಳೊಳಗೆ ಪಿಂಚಣಿ ಸಂಸ್ಥೆಗೆ ನೀವೇ ತಿಳಿಸಬೇಕು. ವಿ0020 ಎಂಬ ಫಾರಂ ಇದಕ್ಕಿದೆ. ತಿಳಿಸದೆ ಕೂತು, ವರ್ಷಗಳ ನಂತರ ಅವರೇ ಕಂಡುಹಿಡಿದರೆ ನಾಲ್ಕು ವರ್ಷದ ಬಾಕಿಯನ್ನು ಒಟ್ಟಿಗೆ ಕೇಳಬಹುದು. ಕಟ್ಟುವಾಗ ಆದಾಯಕ್ಕೆ ತಕ್ಕ ಹಾಗೆ ಕಟ್ಟುತ್ತೇನೆ ಎಂದು ಕೇಳಿಕೊಳ್ಳಿ. ಕೇಳದಿದ್ದರೆ ಅವರದೇ ಒಂದು ಸಿದ್ಧ ಮೊತ್ತ ಹಾಕುತ್ತಾರೆ. ಕಡಿಮೆ ಆದಾಯದವರಿಗೆ ಅದು ಭಾರ. ಕಟ್ಟಿದ ದುಡ್ಡು ಹಾಳಾಗುವುದಿಲ್ಲ. ಒಟ್ಟು 60 ತಿಂಗಳು ಕಟ್ಟಿದರೆ ಮುಂದೆ ಪಿಂಚಣಿಯ ಹಕ್ಕು ಬರುತ್ತದೆ.

ಈಗ ಎರಡನ್ನೂ ಸೇರಿಸಿ ನೋಡಿ. 2026ರಲ್ಲಿ ತಿಂಗಳಿಗೆ 550 ಯೂರೋ ಲಾಭ ಬಂದರೆ ವಿಮೆಗೂ ಪಿಂಚಣಿಗೂ ಏನೂ ಹೋಗುವುದಿಲ್ಲ. 700 ಯೂರೋ ಬಂದರೆ ಪಿಂಚಣಿಗೆ 130 ಯೂರೋ ಹೋಗುತ್ತದೆ. ಕುಟುಂಬ ವಿಮೆ ತಪ್ಪಿ, ಸ್ವಂತ ವಿಮೆಗೆ ಇನ್ನೂರು ಯೂರೋಗೂ ಜಾಸ್ತಿ ಹೋಗುತ್ತದೆ. ಅಂದರೆ 700 ಸಂಪಾದಿಸಿದವರ ಕೈಯಲ್ಲಿ 550 ಸಂಪಾದಿಸಿದವರಿಗಿಂತ ಕಡಿಮೆ ಉಳಿಯುತ್ತದೆ! ಹಾಗಾಗಿ ನನ್ನ ಸಲಹೆ ನೇರವಾಗಿದೆ. ಒಂದೋ ಮಿತಿಯೊಳಗೆ ಇರಿ. ಇಲ್ಲ, ಅದನ್ನು ಚೆನ್ನಾಗಿ ದಾಟುವಷ್ಟು ವಿದ್ಯಾರ್ಥಿಗಳು ಸಿಕ್ಕಿದ ಮೇಲೆ ದಾಟಿ. 600ರಿಂದ 900ರ ನಡುವೆ ತೂಗಾಡುತ್ತಾ ವರ್ಷ ಕಳೆಯಬೇಡಿ.

6. ಫೀಸು ಎಷ್ಟು?

ನಮ್ಮವರು ಕೇಳುವುದು ಕಡಿಮೆ. "ನಾವು ಬ್ರಿಟಿಷರಲ್ಲ ಅಲ್ವಾ" ಅನ್ನುತ್ತಾರೆ. ದಯವಿಟ್ಟು ಹಾಗೆ ಯೋಚಿಸಬೇಡಿ. ಚಿಕ್ಕಂದಿನಿಂದ ಎರಡು ಮೂರು ಭಾಷೆಯಲ್ಲಿ ಬದುಕಿದವರಿಗೆ ಇನ್ನೊಂದು ಭಾಷೆ ಕಲಿಯುವವರ ಕಷ್ಟ ಒಳಗಿನಿಂದ ಗೊತ್ತಿರುತ್ತದೆ. ಅದಕ್ಕೆ ಬೆಲೆ ಇದೆ.

ಪ್ಲಾಟ್‌ಫಾರಂ ಮೇಲೆ ಗಂಟೆಗೆ 20 ಯೂರೋ ಇಟ್ಟಿರಿ ಅಂದುಕೊಳ್ಳಿ. ಪ್ರೆಪ್ಲಿಯಂಥ ಕಡೆ ಹೊಸಬರಿಗೆ ಕಮಿಷನ್ ಶೇ 33. ಕಲಿಸಿದ ಗಂಟೆಗಳು ಹೆಚ್ಚಾದಂತೆ ಶೇ 18ರವರೆಗೆ ಇಳಿಯುತ್ತದೆ. ಪ್ರತಿ ಹೊಸ ವಿದ್ಯಾರ್ಥಿಯ ಮೊದಲ ಪಾಠದ ಪೂರ್ತಿ ಹಣ ಅವರಿಗೇ ಹೋಗುತ್ತದೆ. 20ರಲ್ಲಿ 6.60 ಹೋಗಿ ನಿಮಗೆ ಉಳಿಯುವುದು 13.40. ಒಂದು ಗಂಟೆಯ ಪಾಠಕ್ಕೆ ಅರ್ಧ ಗಂಟೆ ತಯಾರಿ ಸೇರಿಸಿದರೆ ಗಂಟೆಗೆ 9 ಯೂರೋಗಿಂತ ಕಡಿಮೆ. ಇದರ ಮೇಲೆ ತೆರಿಗೆ. ಜರ್ಮನಿಯ ಕನಿಷ್ಠ ಕೂಲಿಯೇ 2026ರಲ್ಲಿ ಗಂಟೆಗೆ 13.90 ಯೂರೋ.

ಆದ್ದರಿಂದ ಪ್ಲಾಟ್‌ಫಾರಂ ಅನ್ನು ಅನುಭವಕ್ಕೆ, ಒಳ್ಳೆಯ ಅಭಿಪ್ರಾಯಗಳು ಸೇರುವುದಕ್ಕೆ ಬಳಸಿ. ಜೊತೆಗೇ ನೇರ ವಿದ್ಯಾರ್ಥಿಗಳನ್ನು ಹುಡುಕಿ. ಪ್ಲಾಟ್‌ಫಾರಂನಲ್ಲಿ ಸಿಕ್ಕವರನ್ನು ಹೊರಗೆ ಎಳೆದುಕೊಳ್ಳುವುದು ಕರಾರಿಗೆ ವಿರುದ್ಧ, ಖಾತೆಯೇ ಹೋಗುತ್ತದೆ. ನೇರ ವಿದ್ಯಾರ್ಥಿಗಳು ಸಿಗುವುದು ಸಂಗಾತಿಯ ಆಫೀಸಿನ ಪರಿಚಯ, ಮಕ್ಕಳ ಶಾಲೆಯ ಪೋಷಕರು, ಲಿಂಕ್ಡ್‌ಇನ್, ಕನ್ನಡ ಕೂಟಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಫೋಕ್ಸ್‌ಹೋಖ್‌ಶೂಲೆ ಅನ್ನುವ, ದೊಡ್ಡವರಿಗೆ ಪಾಠ ನಡೆಸುವ ಸಾರ್ವಜನಿಕ ಶಾಲೆ ಹೆಚ್ಚಿನ ಊರುಗಳಲ್ಲಿದೆ. ಅವರಿಗೂ ಒಂದು ಪತ್ರ ಹಾಕಿ.

ಹತ್ತು ಪಾಠದ ಹಣ ಮುಂಗಡವಾಗಿ ತೆಗೆದುಕೊಳ್ಳಿ. 24 ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೆ ಆ ಪಾಠದ ಹಣ ವಾಪಸಿಲ್ಲ ಎಂದು ಮೊದಲ ದಿನವೇ ಬರೆದು ಕೊಡಿ. ಜರ್ಮನ್ನರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಯಮ ಹೇಳದೆ ಇದ್ದರೇ ಅವರಿಗೆ ಗೊಂದಲ. ಊರಿನಿಂದ ರೂಪಾಯಿ ಬರುವುದಾದರೆ ಇನ್ನೊಂದು ವಿಷಯ ಗಮನಿಸಿ. ಅನಿವಾಸಿ ಆದ ಮೇಲೆ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಿಸಿರಬೇಕು.

7. ಸಾಮಾನು

ಇದಕ್ಕೆ ಜಾಸ್ತಿ ಖರ್ಚು ಮಾಡಬೇಡಿ. ಲ್ಯಾಪ್‌ಟಾಪ್, ಮೈಕ್ ಇರುವ ಹೆಡ್‌ಸೆಟ್, ರೌಟರ್‌ನಿಂದ ಬರುವ ಕೇಬಲ್. ವೈಫೈಗಿಂತ ಕೇಬಲ್ ನಂಬಿಕಸ್ತ. ಮುಖಕ್ಕೆ ಎದುರಿನಿಂದ ಬೆಳಕು ಬೀಳಲಿ, ಕಿಟಕಿ ಬೆನ್ನ ಹಿಂದೆ ಬೇಡ. ಝೂಮ್ ಪುಕ್ಕಟೆಯಲ್ಲಿ 40 ನಿಮಿಷಕ್ಕೆ ಕಡಿದು ಹೋಗುತ್ತದೆ. ಗೂಗಲ್ ಮೀಟ್‌ನಲ್ಲಿ ಇಬ್ಬರೇ ಇದ್ದರೆ ಆ ತೊಂದರೆ ಇಲ್ಲ, ಮೂರು ಜನ ಅಥವಾ ಅದಕ್ಕಿಂತ ಜಾಸ್ತಿಯಾದರೆ ಒಂದು ಗಂಟೆಯ ಮಿತಿ. ಅಭ್ಯಾಸಕ್ಕೆ ಬ್ರಿಟಿಷ್ ಕೌನ್ಸಿಲ್ ಮತ್ತು ಬಿಬಿಸಿಯ ಇಂಗ್ಲಿಷ್ ಕಲಿಕೆಯ ತಾಣಗಳಲ್ಲಿ ಬೇಕಾದಷ್ಟು ಪುಕ್ಕಟೆ ಇದೆ. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಪಾಠವನ್ನು ರೆಕಾರ್ಡ್ ಮಾಡಬೇಡಿ. ಮಕ್ಕಳಾದರೆ ಅಪ್ಪ ಅಮ್ಮ ಬರೆದು ಕೊಟ್ಟ ಒಪ್ಪಿಗೆ ಬೇಕು.

8. ಮೊದಲ ಪಾಠ

ಮೊದಲ ಪಾಠದಲ್ಲಿ ನಿಮ್ಮ ಜ್ಞಾನ ತೋರಿಸಲು ಹೋಗಬೇಡಿ. ವಿದ್ಯಾರ್ಥಿ ಮಾತಾಡಬೇಕು, ನೀವು ಕೇಳಬೇಕು.

ಕಾರಿನ ಬಿಡಿಭಾಗ ಮಾಡುವ ಕಂಪನಿಯ ಇಂಜಿನಿಯರ್ ಒಬ್ಬರು ಬಂದಿದ್ದಾರೆ ಅಂದುಕೊಳ್ಳಿ. ಕೆಲಸದ ಬಗ್ಗೆ ಕೇಳಿದಿರಿ. "ಐ ವರ್ಕ್ ಹಿಯರ್ ಸಿನ್ಸ್ ಫೈವ್ ಇಯರ್ಸ್" ಅಂದರು. ತಕ್ಷಣ ತಡೆಯಬೇಡಿ. ಆ ವಾಕ್ಯವನ್ನು ಹಾಗೆಯೇ ಚಾಟ್ ಬಾಕ್ಸ್‌ನಲ್ಲಿ ಟೈಪ್ ಮಾಡಿ ಇಡಿ. ಅವರು ಮಾತು ಮುಗಿಸಲಿ. ಹತ್ತು ನಿಮಿಷದಲ್ಲಿ ಇಂಥ ನಾಲ್ಕೈದು ವಾಕ್ಯ ಸೇರುತ್ತವೆ. ಆಮೇಲೆ ಅವನ್ನು ತೋರಿಸಿ, "ಇದರಲ್ಲಿ ಏನಾದರೂ ಬದಲಾಯಿಸುತ್ತೀರಾ?" ಅಂತ ಕೇಳಿ. ಅರ್ಧದಷ್ಟನ್ನು ಅವರೇ ಸರಿಮಾಡುತ್ತಾರೆ. ಉಳಿದದ್ದನ್ನು ನೀವು "ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್" ಎಂದು ಬರೆದು ತೋರಿಸಿ. ನಿಯಮವನ್ನು ಒಂದು ನಿಮಿಷದಲ್ಲಿ ಮುಗಿಸಿ. ಅವರ ಬದುಕಿನದೇ ಮೂರು ವಿಷಯ ಅದೇ ರೀತಿ ಹೇಳಿಸಿ: ಈ ಊರಿನಲ್ಲಿ ಎಷ್ಟು ವರ್ಷದಿಂದ, ಈ ಕಾರು ಎಷ್ಟು ವರ್ಷದಿಂದ, ಈ ಬಾಸ್ ಎಷ್ಟು ವರ್ಷದಿಂದ.

ಈ ತಪ್ಪನ್ನು ನಮ್ಮೂರಿನ ವಿದ್ಯಾರ್ಥಿಗಳೂ ಮಾಡುತ್ತಾರೆ. ಕಾರಣವೂ ಒಂದೇ ಥರದ್ದು. ಕನ್ನಡದಲ್ಲಾಗಲಿ ಜರ್ಮನ್‌ನಲ್ಲಾಗಲಿ ಇಂಥ ಮಾತಿಗೆ ವರ್ತಮಾನ ಕಾಲವೇ ಸಾಕು. ಎರಡು ಗುಂಪಿಗೂ ಕಲಿಸುವವರು ಇಂಥ ತಪ್ಪುಗಳ ಪಟ್ಟಿಯೊಂದನ್ನು ಬರೆದಿಟ್ಟುಕೊಂಡರೆ ಎರಡೇ ತಿಂಗಳಲ್ಲಿ ಒಳ್ಳೆಯ ಪಾಠದ ಸಾಮಗ್ರಿ ಸಿದ್ಧವಾಗುತ್ತದೆ.

ನಿಮ್ಮ ಇಂಗ್ಲಿಷನ್ನೂ ಒಮ್ಮೆ ಕೇಳಿಸಿಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿ. ವೆಸ್ಟ್ ಅಂದರೆ ಅಂಗಿಯೋ ದಿಕ್ಕೋ? ನಮ್ಮಲ್ಲಿ ಒಂದೇ ವಕಾರ, ಇಂಗ್ಲಿಷಿನಲ್ಲಿ ಎರಡು. ಅಂಗಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ದಿಕ್ಕಿಗೆ ತುಟಿ ದುಂಡಗಾಗಬೇಕು. ಜರ್ಮನ್ನರಿಗೂ ಇದು ಕಷ್ಟದ ಜಾಗ, ಆದ್ದರಿಂದ ನೀವು ಮೊದಲು ಸರಿಮಾಡಿಕೊಳ್ಳಬೇಕು. "ಪ್ರಿಪೋನ್", "ಡೂ ದ ನೀಡ್‌ಫುಲ್" ಭಾರತದಲ್ಲಿ ಚಲಾವಣೆಯಲ್ಲಿರುವ ಸರಿಯಾದ ಬಳಕೆಗಳೇ. ಅವುಗಳನ್ನು ಕಲಿಸಿದರೆ ಭಾರತದ ತಂಡದ ಜೊತೆ ಬಳಸಿ, ಬೇರೆ ದೇಶದವರಿಗೆ ತಿಳಿಯದಿರಬಹುದು ಎಂದು ಸೇರಿಸಿ ಹೇಳಿ. ಉಚ್ಚಾರಣೆಯನ್ನು ಸುಮ್ನೆ ಅಮೆರಿಕದವರ ಹಾಗೆ ಎಳೆಯಬೇಡಿ. ಸ್ಪಷ್ಟವಾಗಿ, ನಿಧಾನವಾಗಿ ಮಾತಾಡಿದರೆ ಸಾಕು.

9. ಗಡಿಯಾರ

ಜರ್ಮನಿಯಲ್ಲಿ ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ, ಭಾರತದಲ್ಲಿ ಇಲ್ಲ. ಬೇಸಿಗೆಯಲ್ಲಿ ಅಂತರ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ನಿಮ್ಮ ಸಂಜೆ 5 ಗಂಟೆಯ ಪಾಠ ಧಾರವಾಡದ ವಿದ್ಯಾರ್ಥಿಗೆ ರಾತ್ರಿ 8.30 ಇದ್ದದ್ದು ನವೆಂಬರ್‌ನಲ್ಲಿ 9.30 ಆಗುತ್ತದೆ. ಊರಿನ ಗುಂಪುಗಳಿಗೆ ಭಾರತದ ಸಮಯವನ್ನೇ ಖಾಯಂ ಮಾಡಿ, ನೀವು ಹೊಂದಿಕೊಳ್ಳಿ. ಎರಡು ವಾರ ಮುಂಚೆ ಒಂದು ಮೆಸೇಜ್ ಹಾಕಿ.

10. ವರ್ಷದ ಕೊನೆಗೆ

ಪ್ರತಿ ಬಿಲ್‌ಗೂ ಕ್ರಮಸಂಖ್ಯೆ ಹಾಕಿ. ಬಂದದ್ದು, ಹೋದದ್ದು ಒಂದು ಎಕ್ಸೆಲ್ ಹಾಳೆಯಲ್ಲಿ ಇರಲಿ. ಹೆಡ್‌ಸೆಟ್, ಪುಸ್ತಕ, ಕೋರ್ಸ್, ಇಂಟರ್‌ನೆಟ್‌ನ ಪಾಲು ಖರ್ಚಿನಲ್ಲಿ ಬರುತ್ತವೆ. ಮನೆಯಲ್ಲೇ ಕೆಲಸ ಮಾಡಿದ ದಿನಕ್ಕೆ 6 ಯೂರೋ ಲೆಕ್ಕದಲ್ಲಿ ವರ್ಷಕ್ಕೆ 1,260 ಯೂರೋವರೆಗೆ ಕಳೆಯಬಹುದು. ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕಿದರೆ ನಿಮ್ಮ ಲಾಭ ಸಂಗಾತಿಯ ಸಂಬಳದ ಮೇಲೆ ಕೂಡಿಕೊಳ್ಳುತ್ತದೆ. ಮೊದಲ ವರ್ಷ ಲಾಭದ ಮೂರನೇ ಒಂದು ಭಾಗವನ್ನು ಬೇರೆ ಖಾತೆಯಲ್ಲಿ ತೆಗೆದಿಡಿ. ರಿಟರ್ನ್ ಹಾಕಲು ಮುಂದಿನ ವರ್ಷದ ಜುಲೈ 31 ಕೊನೆಯ ದಿನ.

ನಮ್ಮ ಎಷ್ಟೋ ಕುಟುಂಬಗಳು ರಿಟರ್ನ್ ಕೆಲಸವನ್ನು ಲೋನ್‌ಶ್ಟಾಯರ್‌ಹಿಲ್ಫೆಫೆರೈನ್, ಅಂದರೆ ನೌಕರರ ತೆರಿಗೆ ಸಹಾಯ ಸಂಘಗಳಿಗೆ ಕೊಡುತ್ತವೆ. ಸ್ವಂತ ಉದ್ಯೋಗದ ಆದಾಯ ಇದ್ದವರ ರಿಟರ್ನ್ ಮಾಡಲು ಆ ಸಂಘಗಳಿಗೆ ಕಾನೂನಿನ ಅನುಮತಿ ಇಲ್ಲ. ನೀವು ಪಾಠ ಶುರುಮಾಡಿದ ವರ್ಷದಿಂದ ನಿಮ್ಮಿಬ್ಬರ ಜಂಟಿ ರಿಟರ್ನ್ ಅವರಿಂದ ಆಗುವುದಿಲ್ಲ. ಜುಲೈನಲ್ಲಿ ಹೋಗಿ ನಿಂತರೆ ತೆರಿಗೆ ಸಲಹೆಗಾರರೂ ಹೊಸಬರನ್ನು ತೆಗೆದುಕೊಳ್ಳುವುದು ಕಷ್ಟ. ಜನವರಿಯಲ್ಲೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಲೆಕ್ಕ ಸರಳವಾಗಿದ್ದರೆ ಎಲ್‌ಸ್ಟರ್‌ನಲ್ಲಿ ನೀವೇ ತುಂಬಿ. ಆದಾಯ ಕಳೆ ಖರ್ಚು ತೋರಿಸುವ ಆ ಫಾರಂಗೆ ಇಯುಆರ್ ಅನ್ನುತ್ತಾರೆ.